ಹಳೆಯ ಚಂದಮಾಮ ಮುಖಪುಟಕ್ಕೆ ಯಾವ ಕವರ್? ಪಿವಿಸಿ, ಪಿಪಿ, ಪಾಲಿಯೆಸ್ಟರ್ ಮೂರರ ವಿಮರ್ಶೆ

1949ರಲ್ಲಿ ಕನ್ನಡಕ್ಕೆ ಬಂದ ಮಕ್ಕಳ ಮಾಸಪತ್ರಿಕೆ ‘ಚಂದಮಾಮ’ದ ಹಳೆಯ ಸಂಚಿಕೆಗಳನ್ನು ಕೂಡಿಡುವವರಲ್ಲಿ ಹಲವರು ಕಥೆಗಿಂತ ಹೆಚ್ಚಾಗಿ ಮುಖಪುಟಕ್ಕೆ ಮನಸೋತವರು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಚಿತ್ರಗಳು, ‘ವಪಾ’ ಎಂದೇ ಹೆಸರಾದ ವಡ್ಡಾದಿ ಪಾಪಯ್ಯನವರ ಜಲವರ್ಣಗಳು ಈಗ ಅಗ್ಗಕ್ಕೆ ಸಿಗುವುದಿಲ್ಲ. ಅಷ್ಟು ಕೊಟ್ಟು ತಂದದ್ದನ್ನು ಹಾಳುಮಾಡುವುದು ಹೆಚ್ಚಾಗಿ ಅದನ್ನು ಕಾಪಾಡಲೆಂದೇ ತಂದ ಪ್ಲಾಸ್ಟಿಕ್ ಕವರ್.

ಸ್ಟೇಷನರಿ ಅಂಗಡಿಯ ಮೆತ್ತನೆಯ, ಹೊಸ ರೇನ್‌ಕೋಟಿನ ವಾಸನೆ ಹೊಡೆಯುವ ಪಿವಿಸಿ ಕವರನ್ನು ಕೊಳ್ಳಲೇಬೇಡಿ. ಅದನ್ನು ಮೆದುಗೊಳಿಸಲು ಬೆರೆಸಿರುವ ಎಣ್ಣೆಯಂಥ ಪದಾರ್ಥ ಕ್ರಮೇಣ ಹೊರಗೆ ಒಸರಿ ಶಾಯಿಯನ್ನು ಸಡಿಲಿಸುತ್ತದೆ. ಬೇಸಿಗೆಯ ಕಾವಿಗೆ ಮುಖಪುಟ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಎಳೆದರೆ ಬಣ್ಣ ಕವರಿನಲ್ಲೇ ಉಳಿಯುತ್ತದೆ. ಪಿವಿಸಿ ಹಳತಾದಂತೆ ಆಮ್ಲವನ್ನೂ ಬಿಡುತ್ತದೆ.

ಯಾವುದು ಯಾವುದೆಂದು ಕೇಳಿದರೆ ಅಂಗಡಿಯಲ್ಲಿ ಸರಿಯಾದ ಉತ್ತರ ಸಿಗುವುದು ಕಷ್ಟ, ಹಾಗಾಗಿ ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬೇಕು. ಉಗುರಿನಷ್ಟು ತುಂಡು ಕತ್ತರಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನೊಳಗೆ ಅದ್ದಿ ಬಿಡಿ. ಸೋಪು ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗುವ ಪ್ಲಾಸ್ಟಿಕ್ಕೂ ತೇಲಿಬಿಡುತ್ತದೆ. ತೇಲಿದ್ದು ಪಾಲಿಪ್ರೊಪಿಲೀನ್ (ಪಿಪಿ) ಅಥವಾ ಪಾಲಿಥೀನ್, ಎರಡೂ ನಿರಪಾಯ. ಮುಳುಗಿದ್ದು ಪಿವಿಸಿ ಇರಬಹುದು, ಪಾಲಿಯೆಸ್ಟರ್ (ಬಟ್ಟೆಯಲ್ಲ, ಅದೇ ಪದಾರ್ಥದ ಪಾರದರ್ಶಕ ಹಾಳೆ) ಇರಬಹುದು. ಆಗ ತಾಮ್ರದ ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ತುಂಡಿಗೆ ಮುಟ್ಟಿಸಿ, ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಅದು ಪಿವಿಸಿ. ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ, ಕಿಟಕಿ ತೆರೆದಿರಲಿ. ಆ ಹೊಗೆ ಒಳ್ಳೆಯದಲ್ಲ.

ಹೆಚ್ಚಿನ ಸಂಗ್ರಹಕ್ಕೆ ಪಿಪಿ ಕವರೇ ಸಾಕು, ಅದೇ ನಮ್ಮ ಆಯ್ಕೆ. ದಪ್ಪ 50 ಮೈಕ್ರಾನ್ (ಅಂದರೆ 0.05 ಮಿಲಿಮೀಟರ್) ಇರಲಿ. ಬಟ್ಟೆ ಅಂಗಡಿಗಳಲ್ಲಿ ಶರ್ಟು ಹಾಕಿಕೊಡುವ ತೆಳು ಕವರೂ ಪಿಪಿಯೇ, ಆದರೆ ಅಂಚಿನ ಬೆಸುಗೆ ಬೇಗ ಬಿಟ್ಟುಕೊಳ್ಳುತ್ತದೆ. ಅಗಲ ಸಂಚಿಕೆಗಿಂತ ಒಂದು ಸೆಂಟಿಮೀಟರ್ ಹೆಚ್ಚಿರಬೇಕು, ದಪ್ಪ ವಿಶೇಷಾಂಕಕ್ಕೆ ಇನ್ನೂ ಸ್ವಲ್ಪ. ಎ4 ಅಳತೆಯ ಶೀಟ್ ಪ್ರೊಟೆಕ್ಟರ್ ಚಂದಮಾಮಕ್ಕೆ ತೀರ ದೊಡ್ಡದು. ಪುಸ್ತಕ ಒಳಗೆ ಜಾರಾಡಿ ಮೂಲೆಗಳು ಮುರಿಯುತ್ತವೆ.

ಈ ಕವರಿನ ನಿಜವಾದ ದೋಷ ಅದರ ಅಂಟುಪಟ್ಟಿ. ಪಟ್ಟಿ ಮಡಿಕೆಯ ಮೇಲಿದ್ದರೆ ಸಂಚಿಕೆ ಹೊರತೆಗೆಯುವಾಗ ಮುಖಪುಟದ ತಲೆಗೆ ಅಂಟಿ ಪದರವನ್ನೇ ಕಿತ್ತುಬಿಡುತ್ತದೆ. ಕೊಂಡ ಕೂಡಲೇ ಆ ಪಟ್ಟಿಯನ್ನು ಕತ್ತರಿಸಿ ಬಿಸಾಡಿ, ಮಡಿಕೆಯನ್ನು, ಸಂಚಿಕೆ ಬಾಗದಂತೆ ಅದರ ಹಿಂಬದಿಗೆ ಇಡುವ ರಟ್ಟಿನ ಹಿಂದೆ ಸಿಕ್ಕಿಸಿದರೆ ಸಾಕು. ಹೀಗೆ ಮಾಡಿದರೆ ಗಾಳಿಯೂ ಸ್ವಲ್ಪ ಆಡುತ್ತದೆ.

ರಟ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಸ್ವೀಟ್ ಡಬ್ಬಿಗೆ ಬಳಸುವ, ಒಂದು ಮೈ ಬೂದು ಇರುವ ಡುಪ್ಲೆಕ್ಸ್ ಬೋರ್ಡ್ ರದ್ದಿ ಕಾಗದದಿಂದ ಮಾಡಿದ್ದು. ಅದರ ಆಮ್ಲ ಹಿಂಬದಿಯ ಪುಟಕ್ಕೆ ಕಂದು ಕಲೆಯಾಗಿ ಇಳಿಯುತ್ತದೆ. ಬೇಕಾದ್ದು ಆಮ್ಲರಹಿತ, ಆಮ್ಲವನ್ನು ಹೀರಿ ತಣಿಸುವ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ರಟ್ಟು. ಕಾಮಿಕ್ಸ್ ಸಂಗ್ರಾಹಕರಿಗೆಂದು ಮಾರುವ ರಟ್ಟುಗಳಲ್ಲಿ ಇಂಥದ್ದು ಸಿಗುತ್ತದೆ. ಅದು ಸಿಗದಿದ್ದರೆ ಚಿತ್ರಕಲಾ ಸಾಮಗ್ರಿಯ ಅಂಗಡಿಯಿಂದ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ಆಮ್ಲರಹಿತ ಎಂದು ಬರೆದಿರುವ ಹತ್ತಿಯ ಜಲವರ್ಣ ಕಾಗದ ತಂದು ಕತ್ತರಿಸಿಕೊಳ್ಳಿ. ಅನುಮಾನವಿದ್ದರೆ ಆಮ್ಲವನ್ನು ಬಣ್ಣದಿಂದ ತೋರಿಸುವ ಪಿಎಚ್ ಪೆನ್ನಿನಿಂದ ರಟ್ಟಿನ ಮೂಲೆಗೆ ಗೀಟು ಹಾಕಿ ನೋಡಿ: ನೇರಳೆ ಬಂದರೆ ಸರಿ, ಹಳದಿ ಬಂದರೆ ಆಮ್ಲ. ಆ ಪೆನ್ನಿನ ಗುರುತು ಹೋಗುವುದಿಲ್ಲ, ಸಂಚಿಕೆಗೆ ಮುಟ್ಟಿಸಬೇಡಿ. ರಟ್ಟು ಸುತ್ತಲೂ 2–3 ಮಿಲಿಮೀಟರ್ ಹೊರಚಾಚಿರಲಿ. ಸಂಚಿಕೆಯನ್ನು ಅದರ ಮೇಲಿಟ್ಟು ಎರಡನ್ನೂ ಒಟ್ಟಿಗೆ ಕವರಿಗೆ ಜಾರಿಸಬೇಕು. ಕವರಿನೊಳಗೆ ರಟ್ಟನ್ನು ಆಮೇಲೆ ತುರುಕಲು ಹೋದರೆ ಬೆನ್ನಿನ ಪಿನ್ನಿನ ಬಳಿ ಹರಿಯುವುದು ಖಂಡಿತ.

ಪಾಲಿಯೆಸ್ಟರ್ ಗಾಜಿನಂತೆ ತಿಳಿ, ಬಿಗಿ, ದಶಕಗಳು ಕಳೆದರೂ ಹಳದಿಯಾಗದು. ಬೆಲೆ ಪಿಪಿಯ ಹಲವು ಪಟ್ಟು. ಸಂಚಿಕೆಯಿಂದ ಬೇರ್ಪಟ್ಟು ಬಿಡಿಯಾಗಿ ಸಿಕ್ಕ ಮುಖಪುಟಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. 75ರಿಂದ 100 ಮೈಕ್ರಾನ್ ದಪ್ಪದ್ದು ಕೊಳ್ಳಿ. ಆದರೆ ಆಮ್ಲವಿರುವ ಹಳೆಯ ಕಾಗದವನ್ನು ಪಾಲಿಯೆಸ್ಟರಿನೊಳಗೆ ಮುಚ್ಚಿಟ್ಟರೆ ಅದು ಹೊರಗಿದ್ದದ್ದಕ್ಕಿಂತ ಬೇಗ ಮುಪ್ಪಾಗುತ್ತದೆ, ಏಕೆಂದರೆ ಕಾಗದ ಬಿಡುವ ಆಮ್ಲಕ್ಕೆ ಹೊರಹೋಗಲು ದಾರಿಯಿಲ್ಲ. ಆದ್ದರಿಂದ ಇಲ್ಲಿಯೂ ಕ್ಯಾಲ್ಸಿಯಂ ರಟ್ಟು ಬೇಕೇ ಬೇಕು. ಹಣ ಉಳಿಸಲು ಓಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಪಾರದರ್ಶಕ ಹಾಳೆ ಬಳಸುವವರಿದ್ದಾರೆ. ಇಂಕ್‌ಜೆಟ್‌ಗೆಂದು ಲೇಪ ಬಳಿದ ಹಾಳೆಯಾದರೆ ಅದು ತೇವಕ್ಕೆ ಅಂಟುತ್ತದೆ, ಬೇಡ.

ಲ್ಯಾಮಿನೇಷನ್ ಮಾತ್ರ ಯಾರು ಹೇಳಿದರೂ ಮಾಡಿಸಬೇಡಿ. ಬಿಸಿಯಲ್ಲಿ ಕರಗಿದ ಅಂಟು ಕಾಗದದ ಎಳೆಯೊಳಗೆ ಇಳಿದ ಮೇಲೆ ವಾಪಸು ಬರುವ ದಾರಿಯಿಲ್ಲ. ಆ ಚಿತ್ರ ಸಂಗ್ರಹದ ಲೆಕ್ಕದಿಂದ ಹೋದಂತೆಯೇ. ಹರಿದ ಕಡೆ ಸೆಲ್ಲೋಟೇಪ್ ಹಚ್ಚುವುದೂ ಬೇಡ, ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದಾಗಿ ಚಿತ್ರದೊಳಕ್ಕೆ ಇಂಗುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಯಾವ ಕವರೂ ಪೂರ್ಣ ಉತ್ತರವಲ್ಲ. ತೇವಾಂಶ ಶೇಕಡಾ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಪಿನ್ನು ತುಕ್ಕು ಕಾರುತ್ತದೆ. ಮುಚ್ಚಳವಿರುವ ಪಿಪಿ ಡಬ್ಬದಲ್ಲಿ ಸಂಚಿಕೆಗಳನ್ನು ಬಾಗದಂತೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಚೀಲಗಳನ್ನು ಜೊತೆಗಿಡಿ. ಮಳೆಗಾಲಕ್ಕೆ ಮುಂಚೆ, ಒಣ ಬಿಸಿಲಿನ ದಿನ, ನೆರಳಿನಲ್ಲಿ ಬಿಚ್ಚಿಟ್ಟು ಕವರ್ ಹಾಕಬೇಕು; ಒದ್ದೆ ಹವೆಯಲ್ಲಿ ಹಾಕಿದರೆ ತೇವವನ್ನೂ ಒಳಗೇ ಕಟ್ಟಿಟ್ಟಂತೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುವಾಗಿಸುತ್ತದೆ. ಡಬ್ಬವನ್ನು ಅಟ್ಟದ ಮೇಲಾಗಲಿ ನೆಲದ ಮೇಲಾಗಲಿ ಇಡದೆ, ಹೊರಗೋಡೆಗೆ ತಾಗದ ಬೀರುವಿನ ನಡುವಿನ ಹಲಗೆಯ ಮೇಲಿಡಿ.