ದೋಸೆ ಕಾವಲಿಗೆ ಪೈಲಟ್ ಉರಿಯೋ, ಕಿಡಿ ಬಟನ್ನೋ?

ಹೋಟೆಲಿಗೆ ಗ್ಯಾಸ್ ಕಾವಲಿ ಕೊಳ್ಳುವವರು ತಟ್ಟೆಯ ದಪ್ಪ ನೋಡುತ್ತಾರೆ, ಬರ್ನರ್ ಎಣಿಸುತ್ತಾರೆ. ಉರಿ ಹೇಗೆ ಹೊತ್ತಿಕೊಳ್ಳುತ್ತದೆ ಎಂದೂ ಕೇಳಲೇಬೇಕು.

ಪೈಲಟ್ ಇರುವ ಕಾವಲಿಯಲ್ಲಿ ಪುಟ್ಟ ಉರಿಯೊಂದು ಸದಾ ಇರುತ್ತದೆ. ನಾಬ್ ತಿರುಗಿಸಿದರೆ ಬರ್ನರ್ ಅದರಿಂದಲೇ ಹೊತ್ತುತ್ತದೆ, ಕರೆಂಟ್ ಬೇಡ. ಥರ್ಮೋಕಪಲ್ ಜೋಡಿಸಿದ್ದರೆ ಇನ್ನೂ ಒಳ್ಳೆಯದು: ಉರಿಯ ಬಿಸಿಗೆ ಅದು ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟಿಸಿ ಗ್ಯಾಸ್ ವಾಲ್ವನ್ನು ತೆರೆದಿಡುತ್ತದೆ. ಗಾಳಿಗೆ ಪೈಲಟ್ ಆರಿದರೆ ಥರ್ಮೋಕಪಲ್ ತಣಿದು ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ಮಡುಗಟ್ಟುತ್ತದೆ. ಹಾಗಾಗಿ ಉಳಿದೆಲ್ಲಕ್ಕಿಂತ ನಾನು ಬೆಲೆ ಕೊಡುವುದು ಈ ಗುಣಕ್ಕೆ. ಗಿರಾಕಿ ಇಲ್ಲದ ಹೊತ್ತಿನಲ್ಲೂ ಒಂದಿಷ್ಟು ಗ್ಯಾಸ್ ಉರಿಯುವುದು ಮಾತ್ರ ನಷ್ಟ.

ಒತ್ತಿದ ಬಲದಿಂದಲೇ ಕಿಡಿ ಹಾರಿಸುವ ಪೀಜೋ ಕಿಡಿ ಬಟನ್‌ನಲ್ಲಿ ಆ ಖರ್ಚಿಲ್ಲ, ಬ್ಯಾಟರಿಯೂ ಬೇಡ. ಆದರೆ ಎಣ್ಣೆ, ಹಿಟ್ಟು ಮೆತ್ತಿದರೆ ಕಿಡಿ ಹಾರುವ ತುದಿ, ಅಂದರೆ ಎಲೆಕ್ಟ್ರೋಡ್, ಕೈಕೊಡುತ್ತದೆ. ಕಿಡಿ ಹಚ್ಚುತ್ತದೆ ಅಷ್ಟೇ, ಉರಿಯನ್ನು ಕಾಯುವುದಿಲ್ಲ. ಥರ್ಮೋಕಪಲ್ ಇಲ್ಲದಿದ್ದರೆ ಉರಿ ಆರಿದ ಮೇಲೂ ಗ್ಯಾಸ್ ಹರಿಯುತ್ತಲೇ ಇರುತ್ತದೆ.

ದಿನವಿಡೀ ದೋಸೆ ಹುಯ್ಯುವ ದರ್ಶಿನಿಗೆ ಪೈಲಟ್ ಇರಲಿ. ಬೆಳಗಿನ ತಿಂಡಿಗಷ್ಟೇ ಉರಿಸುವ ಕ್ಯಾಂಟೀನಿಗೆ ಕಿಡಿ ಸಾಕು, ಥರ್ಮೋಕಪಲ್ ಜೊತೆಗಿರಲಿ. ಅಂಗಡಿಯಲ್ಲೇ ಹೊತ್ತಿಸಿ, ಉರಿ ಆರಿಸಿ, ವಾಲ್ವ್ ಮುಚ್ಚುವ 'ಟಕ್' ಸದ್ದು ಕೇಳಿದ ಮೇಲೆಯೇ ದುಡ್ಡು ಕೊಡಿ.