ನಾಲ್ಕು ವರ್ಷ ಬಳಸಿದ ಎಆರ್9271 ವೈಫೈ ಅಡಾಪ್ಟರ್: ಡೆಬಿಯನ್ ಬಳಕೆದಾರನ ಅನುಭವ

ಬದಿಯಡ್ಕದ ಸಮೀಪವಿರುವ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವೇ ಬಳಕೆಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕರಿಗೆ ಲಿನಕ್ಸ್ ಹೊಸತಲ್ಲ. ನಾನೂ ಶಾಲೆಯಲ್ಲಿ ಕಲಿತದ್ದನ್ನೇ ಮನೆಗೆ ತಂದವನು. ರೂಟರ್ ಇರುವುದು ಚಾವಡಿಯಲ್ಲಿ, ಕಂಪ್ಯೂಟರ್ ಇರುವುದು ಮುರಕಲ್ಲಿನ ಎರಡು ಗೋಡೆಗಳ ಆಚೆ.

ಕಂಪ್ಯೂಟರಿಗೆ ವೈಫೈ ಸಿಗಲೆಂದು ಮೊದಲು ಕೊಂಡ ಯುಎಸ್‌ಬಿ ಅಡಾಪ್ಟರಿನ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿ ಸೇರಿರಲಿಲ್ಲ. ಮೂಲ ಸಂಕೇತವನ್ನು ತಂದು, ಡಿಕೆಎಂಎಸ್ ಎಂಬ ಸಲಕರಣೆಯ ಮೂಲಕ ಕಂಪೈಲ್ ಮಾಡಿ, ಅಂದರೆ ಯಂತ್ರ ನಡೆಸಬಲ್ಲ ರೂಪಕ್ಕೆ ತಂದು, ಹೇಗೋ ನಡೆಸುತ್ತಿದ್ದೆ. ಜೂನ್ ತಿಂಗಳ ಒಂದು ರಾತ್ರಿ, ಮರುದಿನಕ್ಕೆ ಪ್ರಶ್ನೆಪತ್ರಿಕೆ ಕಳುಹಿಸಬೇಕಾಗಿದ್ದಾಗ, ಕರ್ನಲ್ ಅಪ್‌ಡೇಟ್ ಆದ ಬಳಿಕ ವೈಫೈ ಕಾಣೆಯಾಯಿತು. ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆದೇಶ ಕೊಟ್ಟರೆ ಸಾಧನದ ಹೆಸರು ಬರುತ್ತಿತ್ತು, ಜಾಲ ಸಂಪರ್ಕದ ಸಾಧನಗಳನ್ನು ತೋರಿಸುವ 'ಐಪಿ ಲಿಂಕ್' ಆದೇಶ ಕೊಟ್ಟರೆ ಅದರ ಸುಳಿವೇ ಇರಲಿಲ್ಲ; ಸಾಧನ ಸರಿಯಿದೆ, ಡ್ರೈವರ್ ಇಲ್ಲ ಎಂಬುದಕ್ಕೆ ಇದೇ ಗುರುತು. ಡ್ರೈವರನ್ನು ಮತ್ತೆ ಕಂಪೈಲ್ ಮಾಡಲು ಬೇಕಾದ, ಹೊಸ ಕರ್ನಲ್‌ನ ಹೆಡರ್ ಕಡತಗಳು ಇರಲಿಲ್ಲ. ಫೋನನ್ನು ಕೇಬಲಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಹಾಕಿ ಅವುಗಳನ್ನು ಇಳಿಸಿಕೊಂಡರೂ, ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಬದಲಾಗಿದ್ದರಿಂದ ಕಂಪೈಲ್ ನಡುವೆಯೇ ನಿಂತಿತು. ಕೊನೆಗೆ ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲನ್ನು ಆರಿಸಿ ಕೆಲಸ ಮುಗಿಸಿದೆ.

ಅದೇ ವರ್ಷ, 2021ರ ಕೊನೆಗೆ, ಅಥೆರೋಸ್ ಎಆರ್9271 ಚಿಪ್ ಇರುವ ಅಡಾಪ್ಟರ್ ತಂದೆ. ಇದರ ಡ್ರೈವರ್ ಎಟಿಎಚ್9ಕೆ-ಎಚ್‌ಟಿಸಿ 2010ರಿಂದ ಕರ್ನಲ್‌ನ ಒಳಗೇ ಇದೆ; ಚಿಪ್ಪಿನ ಒಳಗೆ ನಡೆಯುವ ತಂತ್ರಾಂಶವಾದ ಫರ್ಮ್‌ವೇರ್‌ನ ಮೂಲ ಸಂಕೇತವೂ ಮುಕ್ತವಾಗಿದೆ. ಮೊದಲ ದಿನ ಮಾತ್ರ ಸ್ವಲ್ಪ ತಡಕಾಡಬೇಕಾಯಿತು. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿಯಲ್ಲಿ ಫರ್ಮ್‌ವೇರ್ ಕಡತ ಸಿಗಲಿಲ್ಲ ಎಂಬ ಸಾಲು ಬಂದಿತ್ತು. ಡೆಬಿಯನ್‌ನ ಭಂಡಾರದಿಂದ ಆ ಪ್ಯಾಕೇಜು ಹಾಕಿ, ಅಡಾಪ್ಟರನ್ನು ತೆಗೆದು ಮತ್ತೆ ಸಿಕ್ಕಿಸಿದೊಡನೆ ಹಸಿರು ದೀಪ ಮಿನುಗತೊಡಗಿತು. ಆ ಬಳಿಕ ಡೆಬಿಯನ್ 11ರಿಂದ 12ಕ್ಕೆ, 12ರಿಂದ 13ಕ್ಕೆ ಏರಿದೆ, ಕರ್ನಲ್ 5.10ರಿಂದ 6.12ಕ್ಕೆ ಬಂದಿತು, ಡ್ರೈವರನ್ನು ಒಮ್ಮೆಯೂ ಮುಟ್ಟಬೇಕಾಗಲಿಲ್ಲ. ಇದಕ್ಕಿಂತ ದೊಡ್ಡ ನೆಮ್ಮದಿ ನನಗೆ ಬೇಕಾಗಿಲ್ಲ.

ಕೊರತೆಗಳಿವೆ. ಇದು 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಗರಿಷ್ಠ ವೇಗ ಕಾಗದದ ಮೇಲೆ 150 ಎಂಬಿಪಿಎಸ್. ಒತ್ತೊತ್ತಾಗಿ ರೂಟರ್‌ಗಳಿರುವ ಪೇಟೆಯ ಫ್ಲ್ಯಾಟುಗಳಿಗೆ ಇದನ್ನು ಹೇಳಲಾರೆ. ಅಡಿಕೆ ತೋಟದ ನಡುವಿನ ಮನೆಗೆ, ದಪ್ಪ ಗೋಡೆಯನ್ನು 5 ಗಿಗಾಹರ್ಟ್ಸ್‌ಗಿಂತ ಚೆನ್ನಾಗಿ ದಾಟುವ ಈ ತರಂಗವೇ ಒಳ್ಳೆಯದು. ಕಂಪ್ಯೂಟರಿನ ಮುಂಭಾಗದ ಪೋರ್ಟಿನಲ್ಲಿ ಸಂಪರ್ಕ ಆಗಾಗ ಕಡಿಯುತ್ತಿತ್ತು, ಹಿಂಭಾಗದ ಪೋರ್ಟಿಗೆ ಬದಲಿಸಿದ ಮೇಲೆ ನಿಂತಿತು. ಕಂಪ್ಯೂಟರ್ ಸಸ್ಪೆಂಡ್‌ನಿಂದ, ಅಂದರೆ ನಿದ್ದೆಯ ಸ್ಥಿತಿಯಿಂದ, ಎದ್ದಾಗ ಅಡಾಪ್ಟರ್ ಅಪರೂಪಕ್ಕೆ ಸುಮ್ಮನಿದ್ದರೆ, ಮಾಡ್‌ಪ್ರೋಬ್ ಆದೇಶದಿಂದ ಡ್ರೈವರಿನ ಮಾಡ್ಯೂಲನ್ನು ಕರ್ನಲ್‌ನಿಂದ ತೆಗೆದು ಮತ್ತೆ ಏರಿಸುತ್ತೇನೆ.

ಕೊಳ್ಳುವವರು ಡಬ್ಬದ ಮೇಲಿನ ಹೆಸರನ್ನು ನಂಬಬಾರದು. ಒಂದೇ ಮಾದರಿಯ ಹೆಸರಿನಲ್ಲಿ, ಆವೃತ್ತಿ ಬದಲಾದಂತೆ ಒಳಗಿನ ಚಿಪ್ಪೂ ಬದಲಾಗಿರುವುದುಂಟು. ಶಾಲೆಗೆಂದು ಇನ್ನೊಂದು ತರಲು ಹೋದಾಗ, ಕಾಸರಗೋಡು ಪೇಟೆಯ ಅಂಗಡಿಯವರ ಒಪ್ಪಿಗೆ ಪಡೆದು, ಅಲ್ಲೇ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಎಲ್‌ಎಸ್‌ಯುಎಸ್‌ಬಿಯಲ್ಲಿ ಬರುವ ಗುರುತಿನ ಸಂಖ್ಯೆಯನ್ನು ನೋಡಿದೆ. ಮೊದಲ ಎರಡರಲ್ಲಿ ಬೇರೆ ಸಂಖ್ಯೆ ಬಂತು. ಮೂರನೆಯದರಲ್ಲಿ ಎಆರ್9271ರ ಸಂಖ್ಯೆಯಾದ 0ಸಿಎಫ್3:9271 ಎಂದು ಕಂಡ ಮೇಲೆಯೇ ಹಣ ಕೊಟ್ಟೆ.