‘ಕೀರ್ತಿ ಯೋಗ’ ಜಾತಕ ವರದಿ: ದಶೆಯ ಪುಟಗಳು ಚೆನ್ನಾಗಿವೆ, ಅಂಕ ಬೇಡವಾಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಜಾತಕದಲ್ಲಿ ಹೆಸರು ಮಾಡುವ ಯೋಗ ಇದೆಯಾ ಅಂತ ನೋಡಲು ಆ್ಯಪ್‌ನಿಂದ ಈ ವರದಿ ತರಿಸುವವರು ದಶೆ-ಭುಕ್ತಿಯ (ಯಾವ ಗ್ರಹದ ಕಾಲ ಯಾವಾಗ, ಅದರೊಳಗಿನ ಉಪಕಾಲ ಯಾವಾಗ ಅನ್ನುವ) ಪುಟಗಳನ್ನು ಸಮಾಧಾನವಾಗಿ ಓದಿ. ಮೊದಲ ಪುಟದಲ್ಲಿರುವ ಅಂಕವನ್ನು ಮಾತ್ರ ಮಕ್ಕಳಿಗೆ ತೋರಿಸಬೇಡಿ.

ಆ್ಯಪ್ ಹೆಸರು ಬರೆಯುತ್ತಿಲ್ಲ. ಇಂಥ ವರದಿ ಕೊಡುವವರು ಬೇರೆಯವರೂ ಇದ್ದಾರೆ, ನಾನು ಹೇಳುವುದು ಅವರಿಗೂ ಹೊಂದುತ್ತದೆ. ನನಗೆ ಜಾತಕ ನೋಡುವುದನ್ನು ಅಪ್ಪ ಕಲಿಸಿದರು. ದುಡ್ಡಿಗೆ ನೋಡುವುದಿಲ್ಲ, ಆದರೆ ಈ ವಿದ್ಯೆಯ ಮೇಲೆ ಪ್ರೀತಿ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಜಾತಕ ನನ್ನ ಮಗಳದು. ಹಾಡುತ್ತಾಳೆ. ವೃಷಭ ಲಗ್ನ (ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ, ಮನೆಗಳ ಎಣಿಕೆ ಇಲ್ಲಿಂದ), ಚಂದ್ರನೂ ವೃಷಭದಲ್ಲಿ, ರೋಹಿಣಿ ನಕ್ಷತ್ರ. ಏಳನೇ ಮನೆ ವೃಶ್ಚಿಕದಲ್ಲಿ ಗುರು, ಕೆಲಸ-ಹೆಸರಿನ ಹತ್ತನೇ ಮನೆ ಕುಂಭದಲ್ಲಿ ರಾಹು. ವರದಿಯ ಮೊದಲ ಪುಟ ತೆರೆದರೆ ದೊಡ್ಡ ಅಕ್ಷರದಲ್ಲಿ ‘ಕೀರ್ತಿ ಅಂಕ 82’. ಕೆಳಗೆ ಕಾರಣ: ಗಜಕೇಸರಿ ಯೋಗ, ‘ಅತ್ಯಂತ ಅಪರೂಪ’. ಪಕ್ಕದಲ್ಲಿ ಹತ್ತರ ರಾಹು, ‘ಜಗತ್ತು ಗುರುತಿಸುತ್ತದೆ’.

ಗಜಕೇಸರಿ ಅಪರೂಪ ಅಲ್ಲವೇ ಅಲ್ಲ. ಚಂದ್ರನಿಂದ ಕೇಂದ್ರದಲ್ಲಿ, ಅಂದರೆ 1, 4, 7 ಅಥವಾ 10ನೇ ಮನೆಯಲ್ಲಿ ಗುರು ಇದ್ದರೆ ಈ ಯೋಗ. ಹನ್ನೆರಡು ಮನೆಯಲ್ಲಿ ನಾಲ್ಕು ಮನೆ. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಚಂದ್ರ 27 ದಿನ ಚಿಲ್ಲರೆಯಲ್ಲಿ ಹನ್ನೆರಡೂ ರಾಶಿ ಸುತ್ತಿ ಬರುತ್ತಾನೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಒಂಬತ್ತು ದಿನ ಈ ಯೋಗ ಇದ್ದೇ ಇರುತ್ತದೆ. ಮೂವರಲ್ಲಿ ಒಬ್ಬರ ಜಾತಕದಲ್ಲಿ ಸಿಗುವ ಯೋಗ ಇದು. ಗುರು ನೀಚನಾಗಿರಬಾರದು (ಬಲ ಕುಗ್ಗುವ ರಾಶಿಯಲ್ಲಿರಬಾರದು), ಅಸ್ತನಾಗಿರಬಾರದು (ಸೂರ್ಯನಿಗೆ ತೀರಾ ಹತ್ತಿರ ಇರಬಾರದು) ಅಂತ ಷರತ್ತು ಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ. ವರದಿಯಲ್ಲಿ ಆ ಷರತ್ತುಗಳ ಸುದ್ದಿಯೇ ಇಲ್ಲ.

ಪಂಚ ಮಹಾಪುರುಷ ಯೋಗಗಳ ಕಥೆಯೂ ಅಷ್ಟೇ. ರುಚಕ, ಭದ್ರ, ಹಂಸ, ಮಾಲವ್ಯ, ಶಶ. ಕುಜ, ಬುಧ, ಗುರು, ಶುಕ್ರ, ಶನಿ ಇವರಲ್ಲಿ ಒಬ್ಬರು ಸ್ವಂತ ಮನೆಯಲ್ಲೋ ಉಚ್ಚದಲ್ಲೋ (ಬಲ ಅತಿ ಹೆಚ್ಚಾಗುವ ರಾಶಿಯಲ್ಲೋ) ಇದ್ದು, ಅದು ಲಗ್ನದಿಂದ ಕೇಂದ್ರವಾಗಿದ್ದರೆ ಈ ಯೋಗ. ಶನಿಯನ್ನೇ ತೆಗೆದುಕೊಳ್ಳಿ. 2020ರ ಜನವರಿ ಕೊನೆಯಿಂದ 2025ರ ಮಾರ್ಚ್‌ವರೆಗೆ ಅವನು ಮಕರ ಮತ್ತು ಕುಂಭದಲ್ಲೇ ಇದ್ದ. ಎರಡೂ ಅವನ ಸ್ವಂತ ಮನೆ. ಈ ಐದು ವರ್ಷ ಪ್ರತಿದಿನವೂ ಸುಮಾರು ಎಂಟು ಗಂಟೆ ಹೊತ್ತು ಹುಟ್ಟಿದ ಮಕ್ಕಳಿಗೆಲ್ಲ ಶಶ ಯೋಗ ಇದೆ. ಅಷ್ಟೂ ಮಕ್ಕಳು ನಾಯಕರಾಗುತ್ತಾರೆ ಅಂತ ಹೇಳಲಿಕ್ಕಾಗುತ್ತದಾ? ಯೋಗ ಇರುವುದು ಸುಳ್ಳಲ್ಲ. ಅದು ಎಷ್ಟು ಜನಕ್ಕಿದೆ ಅನ್ನುವುದನ್ನೂ ಪಕ್ಕದಲ್ಲೇ ಬರೆಯಬೇಕು. ಅದನ್ನು ಬಿಟ್ಟು ‘ಅಪರೂಪ’ ಅಂದರೆ ಓದುವವರಿಗೆ ಮೋಸವಾಗುತ್ತದೆ.

ಇನ್ನು ಹುಟ್ಟಿದ ಸಮಯ. ಆಸ್ಪತ್ರೆಯ ಚೀಟಿಯಲ್ಲಿರುವ ಸಮಯಕ್ಕೂ ನನ್ನ ಅಮ್ಮ ಅವತ್ತು ಗಡಿಯಾರ ನೋಡಿ ಬರೆದಿಟ್ಟ ಸಮಯಕ್ಕೂ ಎಂಟು ನಿಮಿಷ ವ್ಯತ್ಯಾಸ ಇದೆ. ಎರಡನ್ನೂ ಹಾಕಿ ನೋಡಿದೆ. ಅಂಕ 82 ಇದ್ದದ್ದು 64ಕ್ಕೆ ಇಳಿಯಿತು! ಕಾರಣ ದಶಾಂಶ ಕುಂಡಲಿ. ಕೆಲಸ, ಸ್ಥಾನಮಾನ ನೋಡಲು ಬಳಸುವ ಕುಂಡಲಿ ಅದು. ಒಂದು ರಾಶಿಯ 30 ಡಿಗ್ರಿಯನ್ನು ಹತ್ತು ಭಾಗ ಮಾಡಿದರೆ ಒಂದೊಂದು ಭಾಗ 3 ಡಿಗ್ರಿ. ಲಗ್ನ ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಅಂದರೆ ಹನ್ನೆರಡು ನಿಮಿಷಕ್ಕೆ ದಶಾಂಶದ ಲಗ್ನವೇ ಬೇರೆ. ಗಡಿಯ ಹತ್ತಿರ ಇದ್ದರೆ ಒಂದೆರಡು ನಿಮಿಷವೂ ಸಾಕು. ‘ನಿಮ್ಮ ಸಮಯ ಎಷ್ಟು ಖಚಿತ?’ ಅಂತ ಅರ್ಜಿಯಲ್ಲಿ ಒಂದು ಪ್ರಶ್ನೆ ಇರಬೇಕಿತ್ತು. ಇಲ್ಲ.

ಲೆಕ್ಕ ಸರಿಯಾಗಿದೆಯಾ ಅಂತ ಪರೀಕ್ಷಿಸಲು ಆಲ್ಬರ್ಟ್ ಐನ್‌ಸ್ಟೈನ್ ಅವರ ಜನನ ವಿವರ ಹಾಕಿದೆ. 1879ರ ಮಾರ್ಚ್ 14, ಬೆಳಿಗ್ಗೆ 11:30, ಜರ್ಮನಿಯ ಉಲ್ಮ್. ಜಾತಕ ಕಲಿಯುವವರಿಗೆ ತುಂಬಾ ಒಳ್ಳೆಯ ಉದಾಹರಣೆ ಇದು. ಮಿಥುನ ಲಗ್ನ. ಹತ್ತನೇ ಮನೆ ಮೀನದಲ್ಲಿ ಉಚ್ಚ ಶುಕ್ರ, ಹಾಗಾಗಿ ಮಾಲವ್ಯ ಯೋಗ. ವೃಶ್ಚಿಕದ ಚಂದ್ರನಿಂದ ನಾಲ್ಕನೇ ಮನೆ ಕುಂಭದಲ್ಲಿ ಗುರು, ಗಜಕೇಸರಿಯೂ ಇದೆ. ಆದರೆ ಲಗ್ನಾಧಿಪತಿ, ಬುದ್ಧಿಕಾರಕ ಬುಧ ಅದೇ ಮೀನದಲ್ಲಿ ನೀಚ. ಉಚ್ಚ ಶುಕ್ರ ಜತೆಗಿರುವುದರಿಂದ ನೀಚಭಂಗ, ಅಂದರೆ ನೀಚತನದ ದೋಷ ಕಳೆಯಿತು ಅಂತ ಬಲ್ಲವರು ಹೇಳುತ್ತಾರೆ. ಈ ವರದಿ ಬುಧನ ಸುದ್ದಿಯನ್ನೇ ಎತ್ತಲಿಲ್ಲ. ಒಳ್ಳೆಯದನ್ನು ಆರಿಸಿ ಆರಿಸಿ ಹೇಳಿತು.

ಅದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಜರ್ಮನಿಯಲ್ಲಿ ಇಡೀ ದೇಶಕ್ಕೆ ಒಂದೇ ಸಮಯ ಬಂದದ್ದು 1893ರಲ್ಲಿ. 1879ರಲ್ಲಿ ಉಲ್ಮ್‌ನ ಗಡಿಯಾರ ಗ್ರೀನ್‌ವಿಚ್‌ಗಿಂತ ಸುಮಾರು 40 ನಿಮಿಷ ಮುಂದಿತ್ತು. ಆ್ಯಪ್ ಈಗಿನ ಒಂದು ಗಂಟೆಯ ವ್ಯತ್ಯಾಸವನ್ನೇ ಹಿಡಿದಿದೆ. ಇಪ್ಪತ್ತು ನಿಮಿಷ ತಪ್ಪು. ಮುಖ್ಯ ಕುಂಡಲಿ ಉಳಿಯಿತು, ದಶಾಂಶ ಕೆಟ್ಟಿತು. ವರದಿಯ ಕೊನೆಗೆ ‘ನಿಮ್ಮಂಥ ಜಾತಕ ಇರುವ ಪ್ರಸಿದ್ಧರು’ ಅಂತ ಒಂದು ಪಟ್ಟಿ ಇದೆ. ಅವರ ಸಮಯ ಎಲ್ಲಿಂದ ಸಿಕ್ಕಿತು ಅಂತ ಒಂದು ಮಾತೂ ಇಲ್ಲ. ಅಮೆರಿಕದ ಜ್ಯೋತಿಷಿ ಲೋಯಿಸ್ ರಾಡನ್ ಪ್ರಸಿದ್ಧರ ಜನನ ಸಮಯಗಳನ್ನು ಸಂಗ್ರಹಿಸುವಾಗ ಪ್ರತಿಯೊಂದಕ್ಕೂ ದರ್ಜೆ ಕೊಟ್ಟಿದ್ದರು. ಜನನ ದಾಖಲೆ ಇದ್ದರೆ ಎಎ, ಒಂದಕ್ಕೊಂದು ತಾಳೆಯಾಗದಿದ್ದರೆ ಡಿಡಿ. ಅಷ್ಟು ಶಿಸ್ತು ಇಲ್ಲದಿದ್ದರೆ ಇಂಥ ಪಟ್ಟಿ ಸುಮ್ನೆ ಪುಟ ತುಂಬಿಸುತ್ತದೆ.

‘ಕುಜ ಬಲವಾಗಿದ್ದರೆ ಕ್ರೀಡೆಯಲ್ಲಿ ಕೀರ್ತಿ, ವಿಜ್ಞಾನವೇ ಸಾಬೀತು ಮಾಡಿದೆ’ ಅನ್ನುವ ಸಾಲು ನೋಡಿ ನನಗೆ ನಿಜವಾಗಿಯೂ ಬೇಸರವಾಯಿತು. ಫ್ರಾನ್ಸಿನ ಸಂಶೋಧಕ ಮಿಶೆಲ್ ಗೊಕ್ಲಾಂ 1955ರಲ್ಲಿ ಅಂಥದ್ದೊಂದು ವಾದ ಮುಂದಿಟ್ಟಿದ್ದು ಹೌದು. ಅದೂ ತೀರಾ ಮೇಲ್ಮಟ್ಟದ ಆಟಗಾರರ ಬಗ್ಗೆ ಮಾತ್ರ. ಆಮೇಲೆ ದಶಕಗಟ್ಟಲೆ ಅದರ ಮೇಲೆ ಜಗಳ ನಡೆಯಿತು, ಒಪ್ಪಿಗೆ ಸಿಗಲಿಲ್ಲ. ರಾಶಿಗಳ ವಿಷಯದಲ್ಲಂತೂ ಅವರಿಗೇ ಆಧಾರ ಸಿಗಲಿಲ್ಲ. 1985ರಲ್ಲಿ ಶಾನ್ ಕಾರ್ಲ್‌ಸನ್ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಜಾತಕ ನೋಡಿ ಮೂವರ ವ್ಯಕ್ತಿತ್ವ ವಿವರಗಳಲ್ಲಿ ಸರಿಯಾದದ್ದನ್ನು ಗುರುತಿಸಲು ಜ್ಯೋತಿಷಿಗಳಿಗೆ ಹೇಳಿದ್ದರು. ಕಣ್ಣುಮುಚ್ಚಿ ಆರಿಸಿದರೆ ಎಷ್ಟು ಸರಿ ಬರುತ್ತಿತ್ತೋ ಅಷ್ಟೇ ಬಂತು. ಜಾತಕವನ್ನು ಪ್ರೀತಿಸುವ ನಾವು ಇದನ್ನು ಮುಚ್ಚಿಡಬಾರದು. ವಿಜ್ಞಾನದ ಹೆಸರು ಹೇಳಿ ಮಾರುವುದಂತೂ ಬೇಡ.

ಈಗ ಒಳ್ಳೆಯ ಭಾಗಕ್ಕೆ ಬರುತ್ತೇನೆ. ದಶೆಯ ಪುಟಗಳನ್ನು ಯಾರೋ ತಿಳಿದವರು ಕೂತು ಬರೆದಿದ್ದಾರೆ. ಮಗಳಿಗೆ ರಾಹು ದಶೆ ನಡೆಯುತ್ತಿದೆ, ಒಟ್ಟು 18 ವರ್ಷ. ‘ರಾಹು ದಶೆಯಲ್ಲಿ ಕೀರ್ತಿ’ ಅಂತ ಒಂದೇ ಮಾತಿನಲ್ಲಿ ಮುಗಿಸಿಲ್ಲ. ಭುಕ್ತಿ ಭುಕ್ತಿಯಾಗಿ ಬಿಡಿಸಿದ್ದಾರೆ. ಈಗಿನದು ಶನಿ ಭುಕ್ತಿ. ಅವಳಿಗೆ ಹತ್ತನೇ ಮನೆಯ ಅಧಿಪತಿ ಶನಿಯೇ. ‘ಅಭ್ಯಾಸಕ್ಕೆ ಒಳ್ಳೆಯ ಕಾಲ, ಮೆಚ್ಚುಗೆ ನಿಧಾನ’ ಅಂತ ಬರೆದಿದ್ದಾರೆ. ಮುಂದೆ ಎರಡೂವರೆ ವರ್ಷದ ಬುಧ ಭುಕ್ತಿಗೆ ಮಾತು, ಹಾಡು, ಬರವಣಿಗೆ ಅಂತ ಸೇರಿಸಿದ್ದಾರೆ. ಹೆದರಿಸುವ ಮಾತಿಲ್ಲ, ಪರಿಹಾರ ಮಾರುವ ಪ್ರಯತ್ನವೂ ಇಲ್ಲ. ಇನ್ನೊಂದು ಅನುಕೂಲ ಇದೆ. ದಶೆಯ ಲೆಕ್ಕ ಚಂದ್ರನ ಮೇಲೆ ನಿಂತಿದೆ. ಹುಟ್ಟಿದ ಸಮಯ ಹತ್ತು ನಿಮಿಷ ಆಚೀಚೆಯಾದರೂ ದಶೆಯ ದಿನಾಂಕ ಹೆಚ್ಚೆಂದರೆ ಎರಡು ತಿಂಗಳೊಳಗೆ ಸರಿಯುತ್ತದೆ ಅಷ್ಟೇ. ಸಮಯ ಖಚಿತ ಇಲ್ಲದವರಿಗೂ ಈ ಪುಟಗಳು ಉಪಯೋಗಕ್ಕೆ ಬರುತ್ತವೆ.

ಅರ್ಜಿಯಲ್ಲಿ ‘ನಿಮ್ಮ ಕ್ಷೇತ್ರ’ ಅಂತ ಕೇಳಿದ್ದರು, ಗಾಯನ ಅಂತ ಬರೆದಿದ್ದೆ. ಹಾಡುವವರ ಜಾತಕದಲ್ಲಿ ಮೊದಲು ನೋಡಬೇಕಾದದ್ದು ಎರಡನೇ ಮನೆ, ಅದು ಧ್ವನಿಯ ಮನೆ. ಮೂರು ಮತ್ತು ಐದನ್ನೂ ನೋಡಬೇಕು. ವರದಿ ಪೂರ್ತಿ ಹತ್ತನೇ ಮನೆಯಲ್ಲೇ ಸುತ್ತಿದೆ. ಪಾಶ್ಚಾತ್ಯ ಪದ್ಧತಿಯ ಒಂದು ಪುಟವನ್ನೂ ಸೇರಿಸಿದ್ದಾರೆ. ಎರಡು ಪದ್ಧತಿಗಳು ರಾಶಿಚಕ್ರದ ಎಣಿಕೆ ಶುರುಮಾಡುವ ಜಾಗದಲ್ಲಿ ಸುಮಾರು 24 ಡಿಗ್ರಿ ಅಂತರ (ಅಯನಾಂಶ) ಇದೆ, ಗ್ರಹಗಳ ರಾಶಿಯೇ ಬದಲಾಗುತ್ತದೆ. ಅದನ್ನು ವಿವರಿಸದೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಸಬರು ಗಾಬರಿಯಾಗುತ್ತಾರೆ.

ಅಂಕದ ಬಗ್ಗೆ ಯಾಕಿಷ್ಟು ಹೇಳುತ್ತಿದ್ದೇನೆ ಅಂದರೆ, ಎರಡನೇ ವರದಿ ತೆರೆದಾಗ ಮಗಳು ಪಕ್ಕದಲ್ಲೇ ಇದ್ದಳು. “ಅಮ್ಮಾ, 64 ಅಂದ್ರೆ ನಂದು ಆಗಲ್ಲ ಅಂತಾನಾ?” ಅಂದಳು. ದಿನಾ ಬೆಳಿಗ್ಗೆ ಎದ್ದು ಸಾಧನೆ ಮಾಡುವ ಹುಡುಗಿ ಅವಳು. “ಹಂಗಲ್ಲ ಪುಟ್ಟಿ, ಎಂಟು ನಿಮಿಷಕ್ಕೆ ಬದಲಾಗೋ ಅಂಕ ನಿನ್ನ ಧ್ವನಿ ಬಗ್ಗೆ ಏನೂ ಹೇಳಲ್ಲ” ಅಂದೆ. ಅವಳಿಗೆ ಹೇಳಲು ನಾನಿದ್ದೆ. ಒಬ್ಬರೇ ಕೂತು ಫೋನಿನಲ್ಲಿ ಇದನ್ನು ಓದುವ ಮಕ್ಕಳಿಗೆ ಯಾರು ಹೇಳುತ್ತಾರೆ?

ಅಂಕ ಹೇಗೆ ಹಾಕುತ್ತೀರಿ ಅಂತ ಆ್ಯಪ್‌ನವರಿಗೆ ಬರೆದೆ. ಬೇಗ ಉತ್ತರ ಬಂತು, ಮರ್ಯಾದೆಯಿಂದ ಬರೆದಿದ್ದರು. ಆದರೆ ವಿಧಾನ ಹೇಳಲಾಗುವುದಿಲ್ಲ ಅಂದರು. ಹಳೆಯ ಸಮಯವಲಯದ ತಪ್ಪನ್ನು ಸರಿಪಡಿಸುತ್ತೇವೆ ಅಂತ ಒಪ್ಪಿದ್ದಾರೆ. ಐದರಲ್ಲಿ ಎರಡೂವರೆ ನಕ್ಷತ್ರ ಕೊಡುತ್ತಿದ್ದೇನೆ, ಅಷ್ಟೂ ದಶೆಯ ಪುಟಗಳಿಗೆ. ಅಂಕ ತೆಗೆದು, ಪ್ರತಿ ಯೋಗದ ಪಕ್ಕದಲ್ಲಿ ಅದು ಎಷ್ಟು ಜನಕ್ಕಿರುತ್ತದೆ ಅಂತ ಬರೆದ ದಿನ ಇನ್ನೊಮ್ಮೆ ತರಿಸಿ ನೋಡಿ, ಇಲ್ಲೇ ತಿದ್ದಿ ಬರೆಯುತ್ತೇನೆ.